ಸುಣ್ಣದ ಚೌಕ

"ಗೆದ್ದುಬಿಟ್ರಿ ಅಕ್ಕಾ! ಬನ್ನಿ, ಜಾಗ ತೋರಿಸ್ತೀನಿ," ಎನ್ನುತ್ತ ನಕ್ಷೆ ಮೇಡಂ ಬೂದಿಯಕ್ಕನ ಕೈ ಹಿಡಿದು ಹೆಂಗಸರ ವೇಟಿಂಗ್ ರೂಮಿನಿಂದ ಹೊರಗೆಳೆದುಕೊಂಡು ಹೊರಟಳು. ಬೂದಿಯಕ್ಕನ ಇನ್ನೊಂದು ಕೈಯಲ್ಲಿ ಪೊರಕೆ ಹಾಗೇ ಉಳಿದಿತ್ತು.

ಊರಿನ ರೈಲ್ವೆ ಸ್ಟೇಷನ್ನಿನ ಸುತ್ತಮುತ್ತಲ ಜಾಗವನ್ನು ಹೊಸದಾಗಿ ಮಾಡಿಸಲು ಬಂದಿದ್ದ ಈ ಹುಡುಗಿ ಬಂದ ದಿನವೇ ಹೇಳಿದ್ದಳು: "ಕಟ್ಟೋರು ನಾವು, ಇರೋರು ನೀವು. ಎಲ್ಲಿ ಏನು ಬೇಕು ಅಂತ ನೀವೇ ಹೇಳಿ." ಹೇಳಿದ್ದಷ್ಟೇ ಅಲ್ಲ, ವೇಟಿಂಗ್ ರೂಮಿನ ಗೋಡೆಗೆ ಚಾಪೆಯಗಲದ ನಕ್ಷೆ ಅಂಟಿಸಿ, ಅದರ ಕೆಳಗೆ ಡಬ್ಬದ ತುಂಬ ಬಣ್ಣದ ಕಾಗದದ ಚುಕ್ಕಿಗಳನ್ನೂ ಇಟ್ಟಳು. ಬಸ್ಸು ನಿಲ್ಲುವ ಜಾಗಕ್ಕೆ ನೀಲಿ, ಅಂಗಡಿಗೆ ಹಳದಿ, ಮಕ್ಕಳು ಆಡುವ ಜಾಗಕ್ಕೆ ಹಸಿರು. ಯಾರು ಬೇಕಾದರೂ ಅಂಟಿಸಬಹುದು.

ಬೂದಿಯಕ್ಕ ಅಕ್ಷರ ಕಲಿತವಳಲ್ಲ. ಆದರೆ ರೈಲು ತಡವಾದಾಗ ಬೇಸತ್ತ ಮಕ್ಕಳು ಹಳಿಯ ಕಡೆಗೇ ಓಡುವುದನ್ನು, ತಾಯಂದಿರು ಗಂಟುಮೂಟೆ ಬಿಸಾಕಿ ಹಿಂದೆ ಓಡುವುದನ್ನು ಅವಳಷ್ಟು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ವೇಟಿಂಗ್ ರೂಮಿನ ಮಗ್ಗುಲಿಗೇ ಆಡುವ ಜಾಗವಾದರೆ ಬೆಂಚಿನ ಮೇಲೆ ಕೂತೇ ಮಕ್ಕಳ ಮೇಲೆ ಕಣ್ಣಿಡಬಹುದು. ಬಂದ ಬಂದ ಹೆಂಗಸರಿಗೆಲ್ಲ ಅವಳು ಅದನ್ನೇ ಹೇಳಿದಳು. ನಕ್ಷೆಯ ಮೇಲೆ ಬೆರಳಿಟ್ಟು, "ಇಲ್ಲಿ ಅಂಟಿಸು ತಾಯಿ, ಇಲ್ಲೇ," ಅಂದಳು. ಓದು ಬಂದವರು ಕೂಡ ಇರುವೆ ಸಾಲಿನಂತಿದ್ದ ಆ ಅಕ್ಷರಕ್ಕೆ ಕಣ್ಣು ಕಿರಿದು ಮಾಡುವ ಬದಲು ಅಕ್ಕನ ಬೆರಳನ್ನೇ ನಂಬಿದರು. ತಿಂಗಳಾಗುವಷ್ಟರಲ್ಲಿ ಒಂದೇ ಕಡೆ ನೂರನಲವತ್ತಾರು ಹಸಿರು ಚುಕ್ಕಿಗಳು ಪಾಚಿ ಕಟ್ಟಿದ ಹಾಗೆ ಕೂತಿದ್ದವು.

ಮೇಡಂ ಬಾಗಿಲು ದಾಟಿದ ಕೂಡಲೇ ಪಕ್ಕದ ಖಾಲಿ ಜಾಗದ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ.

"ಈ ಕಡೆ ಎಲ್ಲಿಗೆ ತಾಯಿ?"

"ಇನ್ನೆಲ್ಲಿಗೆ? ನೀವು ಹೇಳಿದ ಕಡೆಗೇ."

ಟಿಕೆಟ್ ಕಿಟಕಿ ದಾಟಿತು, ಸ್ಟೇಷನ್ ಮಾಸ್ಟರರ ಕೋಣೆ ದಾಟಿತು. ಪ್ಲಾಟ್‌ಫಾರ್ಮು ಮುಗಿದು, ಮುಚ್ಚಿದ ಗೂಡ್ಸ್ ಶೆಡ್ಡಿನ ತಗಡಿನ ಗೋಡೆ ಬಂತು. ಅದರ ಆಚೆ, ಮೂವತ್ತೈದು ವರ್ಷದಿಂದ ಆಳೆತ್ತರ ಬೆಳೆದು ನಿಂತಿದ್ದ ಮುಳ್ಳುಪೊದೆ ಇರಲಿಲ್ಲ. ಬೇರುಸಹಿತ ಕಿತ್ತು ನೆಲವನ್ನು ಬೋಳಿಸಿದ್ದರು. ಬೋಳು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಚೌಕ ಎಳೆದಿತ್ತು.

"ಭಾನುವಾರ ಒಂದು ದಿನದ ಪ್ರಯೋಗ. ಶಾಲೆಯಿಂದ ಅರವತ್ತು ಮಕ್ಕಳು ಬರ್ತಾರೆ. ನಡುವೆ ಕೂತು ತಮಗೇನು ಬೇಕು ಅಂತ ನೆಲದ ಮೇಲೇ ಬಣ್ಣದಲ್ಲಿ ಬರೀತಾರೆ. ಸೋಮವಾರದಿಂದ ರೋಡ್ ರೋಲರ್ರು. ಹೇಗಿದೆ?"

ಬೂದಿಯಕ್ಕನ ಕೈಯಿಂದ ಪೊರಕೆ ಜಾರಿತು.

"ಇದಲ್ಲ ತಾಯಿ... ನಾನು ಹೇಳಿದ್ದು ವೇಟಿಂಗ್ ರೂಮಿನ ಪಕ್ಕ."

ಮೇಡಂ ಚೀಲದಿಂದ ಸಣ್ಣ ನಕ್ಷೆ ತೆಗೆದು ಬಿಡಿಸಿದಳು. "ನೋಡಿ, ಇದು ಹಳಿ, ಇದು ಊರಿನ ರಸ್ತೆ. ಎಡಗಡೆ ಉದ್ದ ಪೆಟ್ಟಿಗೆ ಗೂಡ್ಸ್ ಶೆಡ್ಡು, ಬಲಗಡೆ ಪೆಟ್ಟಿಗೆ ವೇಟಿಂಗ್ ರೂಮು. ಚುಕ್ಕಿ ಬಿದ್ದಿರೋದು ಎಡಗಡೆ."

ಆಗ ತಿಳಿಯಿತು. ನಕ್ಷೆ ಬರೆದವರು ಊರ ಕಡೆಯಿಂದ ಸ್ಟೇಷನ್ನಿಗೆ ಬರುವವರ ಕಣ್ಣಿನಲ್ಲಿ ಬರೆದಿದ್ದರು. ಬೂದಿಯಕ್ಕನೋ ಆಯಸ್ಸೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಊರ ಕಡೆ ನೋಡಿದವಳು. ಅಲ್ಲಿ ನಿಂತರೆ ವೇಟಿಂಗ್ ರೂಮು ಎಡಕ್ಕೆ. ಎಡಗಡೆಯ ಪೆಟ್ಟಿಗೆಯನ್ನೇ ತನ್ನ ಕೋಣೆ ಎಂದುಕೊಂಡು ಊರಿನ ಹೆಂಗಸರ ಬೆರಳನ್ನೆಲ್ಲ ಹಿಡಿದು ತಂದು ಬಾವಿಯ ಮೇಲೆ ಊರಿದ್ದಳು.

ಹೌದು, ಬಾವಿ. ಉಗಿಬಂಡಿಗಳ ಕಾಲದಲ್ಲಿ ಎಂಜಿನ್ನಿಗೆ ನೀರು ಕುಡಿಸುತ್ತಿದ್ದ ಬಾವಿ. ಏಳಡಿ ಅಗಲ, ಆಳ ಎಷ್ಟೆಂದು ಅಳೆದವರು ಹೇಳಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಡೀಸೆಲ್ ಎಂಜಿನ್ ಬಂದ ಮೇಲೆ ಅದನ್ನು ಮಣ್ಣು ತುಂಬಿ ಮುಚ್ಚಬೇಕೆಂದು ಹುಕುಂ ಬಂತು. ಮಣ್ಣು ತರಬೇಕಿದ್ದ ಗಾಡಿ ಬೇರೆಲ್ಲಿಗೋ ಹೋಯಿತು. ಮರುದಿನ ಬೆಳಗ್ಗೆ ದೊಡ್ಡ ಸಾಹೇಬರ ತಪಾಸಣೆ. ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿ, ಅಂದರೆ ಬೂದಿಯಕ್ಕನ ಗಂಡನ ಅಣ್ಣ, ತಲೆ ಓಡಿಸಿದ. ಹಳಿಯಡಿಯಿಂದ ಕಿತ್ತು ಹಾಕಿದ್ದ ಒಂಬತ್ತಡಿಯ ಹಳೇ ಮರದ ದಿಮ್ಮಿಗಳನ್ನು ಬಾವಿಯ ಬಾಯಿಗೆ ಹಾಸಿಸಿದ, ಮೇಲೆ ಎಂಜಿನ್ನಿನ ಬೂದಿ ಸುರಿಸಿದ. "ಗಾಡಿ ಬರ್ಲಿ, ಆಮೇಲೆ ತೆಗೆದು ತುಂಬೋಣ," ಅಂದ. ಗಾಡಿ ಬರಲೇ ಇಲ್ಲ. ಬೂದಿ ಹೊತ್ತ ಹೆಂಗಸರಲ್ಲಿ ಬೂದಿಯಕ್ಕನೂ ಒಬ್ಬಳು. ಆ ಹೆಸರು ಅಂಟಿಕೊಂಡದ್ದೂ ಆಗಲೇ. ಆಮೇಲೆ ಮೇಸ್ತ್ರಿ ಅಲ್ಲಿ ಮುಳ್ಳು ನೆಟ್ಟು, ಅಲ್ಲಿ ಹಾವಿನ ಹುತ್ತವಿದೆ ಎಂದು ಊರಿಗೆಲ್ಲ ಸಾರಿದ್ದ.

* * *

ಮನೆ ಎಂದರೆ ಭಾವನ ಮನೆಯೇ. ಗಂಡ ತೀರಿಕೊಂಡ ಮೇಲೆ ಹಿತ್ತಲ ಕೋಣೆಯನ್ನು ಭಾವನೇ ಬಿಟ್ಟುಕೊಟ್ಟಿದ್ದ; ವೇಟಿಂಗ್ ರೂಮಿನ ಕೆಲಸವನ್ನೂ ಅವನೇ ಹೇಳಿ ಕೊಡಿಸಿದ್ದ. ಎದುರು ನಿಂತು ಮಾತಾಡಿದ ರೂಢಿ ಇರಲಿಲ್ಲ. ಅಂದು ಸಂಜೆ ನಿಂತಳು.

"ಭಾವ, ಚೌಕ ಎಲ್ಲಿ ಬಿದ್ದಿದೆ ಗೊತ್ತಾ?"

ಭಾವ ಕುರ್ಚಿಯಲ್ಲಿ ಕೂತು ಚಪ್ಪಲಿಯ ಕಿತ್ತುಹೋದ ಪಟ್ಟಿಗೆ ಮೊಳೆ ಹೊಡೆಯುತ್ತಿದ್ದ. ತಲೆ ಎತ್ತಲಿಲ್ಲ. "ಗೊತ್ತು. ಈ ಜಾಗ ಮಾಡಿಸೋ ಸಮಿತೀಲಿ ನಾನೂ ಇದ್ದೀನಲ್ಲ."

"ಗೊತ್ತಿದ್ದೂ ಸುಮ್ಮನಿದ್ದೀರಾ?"

"ಸುಮ್ಮನೆ ಎಲ್ಲಿದ್ದೆ? ಹಾವಿದೆ ಅಂದೆ. ಹಾವು ಹಿಡಿಯೋನನ್ನ ಕರೆಸಿದ್ರು. ಸುತ್ತ ಕೋಲಲ್ಲಿ ಕೆದಕಿ, ಒಂದು ಓತಿಕ್ಯಾತಾನೂ ಇಲ್ಲ ಅಂತ ಬರೆದುಕೊಟ್ಟು ಹೋದ. ಮೂವತ್ತೈದು ವರ್ಷ ಊರು ಕಾಯ್ದ ಹಾವು, ಅರ್ಧ ಗಂಟೇಲಿ ಸತ್ತುಹೋಯ್ತು."

ಒಳಗಿನಿಂದ ವಾರಗಿತ್ತಿ ಕೂಗಿದಳು, "ಯಾವ ಹಾವು ಸತ್ತಿದ್ದು?"

"ನಿನ್ನ ಕಚ್ಚೋಕೆ ಬಂದಿತ್ತು, ಹೆದರಿ ಸತ್ತಿತು. ನೀನು ಕೆಲಸ ನೋಡು," ಅಂದ ಭಾವ. ನಗೆ ಬಾಯಿಗೆ ಬಂತೇ ಹೊರತು ಕಣ್ಣಿಗೆ ಬರಲಿಲ್ಲ. ದನಿ ತಗ್ಗಿಸಿದ. "ನೋಡಮ್ಮ, ಮಣ್ಣು ತುಂಬಿ ಮುಚ್ಚಿದೆ ಅಂತ ರಿಜಿಸ್ಟರಿನಲ್ಲಿ ಬರೆದವನು ನಾನು. ಕೆಳಗೆ ರುಜು ಹಾಕಿದವನು ನಿನ್ನ ಗಂಡ. ಅದರ ಕೆಳಗೆ ನಿನ್ನ ಹೆಬ್ಬೆಟ್ಟು. ಅವನು ಪುಣ್ಯಾತ್ಮ, ಹೋಗಿಬಿಟ್ಟ. ಗ್ಯಾಂಗಿನವರೆಲ್ಲ ಊರು ಬಿಟ್ಟು ಎಲ್ಲೆಲ್ಲೋ ಹೋದ್ರು. ಉಳಿದೋರು ನಾವಿಬ್ಬರು."

"ಮಕ್ಕಳು ಬರ್ತಾವಂತೆ ಭಾವ. ಅರವತ್ತು."

"ಮೂವತ್ತೈದು ವರ್ಷ ಏನೂ ಆಗಿಲ್ಲ."

"ಮೂವತ್ತೈದು ವರ್ಷ ಅದರ ಮೇಲೆ ಯಾರೂ ಕುಣಿದಿಲ್ಲ."

ಸುತ್ತಿಗೆ ನಿಂತಿತು. "ಅಲ್ಲೇ ಬೇಕು ಅಂತ ಊರ ಹೆಂಗಸರ ಕೈಲಿ ಚುಕ್ಕಿ ಅಂಟಿಸಿದ್ದು ಯಾರು? ನಾನಾ?" ಅಂದ. "ಬಾಯಿ ಬಿಟ್ಟರೆ ನಿನ್ನ ಕೆಲಸ ಹೋಗುತ್ತೆ, ನನ್ನ ಮರ್ಯಾದೆ ಹೋಗುತ್ತೆ, ಇಬ್ಬರೂ ಕಟಕಟೆ ಹತ್ತಬೇಕಾಗುತ್ತೆ. ಅದು ಗಟ್ಟಿ ಮರ. ಎಂಜಿನ್ ಹೊತ್ತ ಮರ ಮಕ್ಕಳನ್ನ ಹೊರಲ್ವಾ? ಹೋಗು, ಊಟ ಮಾಡು."

ಬೂದಿಯಕ್ಕ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು. ಭಾವ ಹೇಳಿದ್ದು ನಿಜವಿರಬಹುದು ಎಂದುಕೊಂಡಳು; ಗಟ್ಟಿ ಮರವೇ ಇರಬಹುದು. ಹೆದರಿದವರ ಮನಸ್ಸು ಊರುಗೋಲು ಹುಡುಕುವ ಹಾಗೆ ಹುಡುಕುತ್ತಿತ್ತು. ಸಿಕ್ಕ ಕಡ್ಡಿಯನ್ನೆಲ್ಲ ಹಿಡಿದು ನೋಡುತ್ತಿತ್ತು.

ಮರುದಿನ ಮೇಡಂನ ಬಳಿ ಹೋಗಿ, ಬಾವಿಯ ಹೆಸರೆತ್ತದೆ, ಸುತ್ತಿಬಳಸಿ ಶುರು ಮಾಡಿದಳು. "ತಾಯಿ, ನಾನು ತಪ್ಪಾಗಿ ಅಂಟಿಸಿದೆ. ಬದಲಾಯಿಸಿಬಿಡು."

"ಒಂದು ತಪ್ಪಾಗಬಹುದು ಅಕ್ಕ. ನೂರನಲವತ್ತಾರು ತಪ್ಪಾಗುತ್ತಾ? ಜನ ಹೇಳಿದ್ದನ್ನ ನಾನು ಬದಲಾಯಿಸಿದರೆ, ಅವತ್ತು ಜನರನ್ನ ಕೇಳಿದ್ದು ನಾಟಕ ಅಂತಾರೆ."

"ಆ ನೆಲ... ಒಳ್ಳೇ ನೆಲ ಅಲ್ಲ."

"ಓ, ಹಳೇ ಬಾವೀನಾ?" ಮೇಡಂ ನಕ್ಕಳು. "ಅದನ್ನೂ ನೋಡಿದೀನಿ ಅಕ್ಕ. ರಿಜಿಸ್ಟರಿನಲ್ಲಿದೆ, ಕಂಠದವರೆಗೆ ಮಣ್ಣು ತುಂಬಿ ಗಟ್ಟಿಸಿದೆ ಅಂತ. ಯಾರೋ ಎಷ್ಟು ಚೆನ್ನಾಗಿ ಬರೆದಿದ್ದಾರೆ ಗೊತ್ತಾ? ಈಗಿನವರು ಹಾಗೆ ಬರೆಯಲ್ಲ."

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬೂದಿಯಕ್ಕ ಅದನ್ನು ಬಿಸಿ ಕೆಂಡ ನುಂಗುವ ಹಾಗೆ ನುಂಗಿ, ಬಕೆಟ್ಟು ಹಿಡಿದು ಹೊರಟುಹೋದಳು.

ಶನಿವಾರ ಮಧ್ಯಾಹ್ನದ ರೈಲು ಹೋದ ಮೇಲೆ ಜೇಡರಬಲೆ ತೆಗೆಯುವ ಉದ್ದ ಕೋಲನ್ನು ತಗೊಂಡು ಶೆಡ್ಡಿನ ಹಿಂದೆ ಹೋದಳು. ಪೊದೆ ಕಿತ್ತವರು ಬೇರಿಗೆ ಹಗ್ಗ ಕಟ್ಟಿ ದೂರದಿಂದ ಜಗ್ಗಿದ್ದರಂತೆ. ಬೇರು ಬಂದ ಕಡೆಯೆಲ್ಲ ಬೂದಿ ಬಾಯಿ ಬಿಟ್ಟುಕೊಂಡಿತ್ತು. ಇಷ್ಟು ವರ್ಷ ಆ ಬೂದಿಯನ್ನು ಹಿಡಿದಿಟ್ಟದ್ದು ಆ ಬೇರುಗಳೇ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಬೂದಿಯ ಅಂಚಿನ ಹೊರಗೇ ಮೊಣಕಾಲೂರಿ, ಕೈ ಚಾಚಿ ಕೋಲನ್ನು ಚುಚ್ಚಿದಳು. ಮೊಳದುದ್ದ ಹೋಗಿ ಮರಕ್ಕೆ ತಾಗಿತು. ಗಟ್ಟಿಯಾಗಿ ತಾಗಲಿಲ್ಲ. ಇನ್ನಷ್ಟು ಒತ್ತಿದಳು, ನೆನೆದ ಬ್ರೆಡ್ಡಿಗೆ ಇಳಿದ ಹಾಗೆ ಇಳಿಯಿತು. ಹೊರಗೆ ತೆಗೆದಾಗ ತುದಿಗೆ ಕಪ್ಪಗೆ ಒದ್ದೆ ಪುಡಿ ಅಂಟಿತ್ತು. ಮೂಗಿಗೆ ಹಿಡಿದಳು. ಮೂವತ್ತೈದು ವರ್ಷದ ಕತ್ತಲೆಯ ವಾಸನೆ, ಬಾವಿನೀರಿನ ವಾಸನೆ. ಅಂಬೆಗಾಲಿನಲ್ಲೇ ಹಿಂದೆ ಸರಿದಳು, ಎದ್ದು ನಿಲ್ಲುವ ಧೈರ್ಯ ಬಂದದ್ದು ಶೆಡ್ಡಿನ ತಗಡಿನ ಗೋಡೆ ಕೈಗೆ ಸಿಕ್ಕಮೇಲೆ.

* * *

ಭಾನುವಾರ ಬೆಳಗ್ಗೆ ಒಂಬತ್ತಕ್ಕೆಲ್ಲ ಗೂಡ್ಸ್ ಶೆಡ್ಡಿನ ಹಿಂದೆ ಊರೇ ನೆರೆದಿತ್ತು. ಚೌಕದ ಸುತ್ತ ಗೂಟ ನೆಟ್ಟು ಕೆಂಪು ಪಟ್ಟಿ ಕಟ್ಟಿದ್ದರು. ಪಟ್ಟಿಯ ಆಚೆ ಬಣ್ಣದ ಡಬ್ಬಿ ಹಿಡಿದ ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾರುತ್ತ, ಒಬ್ಬರನ್ನೊಬ್ಬರು ನೂಕುತ್ತ ನಿಂತಿದ್ದರು. ಪಟ್ಟಿ ಕತ್ತರಿಸುವ ಗೌರವ ಊರಿನ ಹಳೇ ರೈಲ್ವೆಯವನೆಂದು ಭಾವನಿಗೆ ಸಿಕ್ಕಿತ್ತು. ಒಗೆದ ಬಿಳಿ ಅಂಗಿ ತೊಟ್ಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕತ್ತರಿ ಹಿಡಿದಿದ್ದ.

ಮೇಡಂ ಎರಡು ಮಾತಾಡಿದಳು. ಚಪ್ಪಾಳೆ ಬಿತ್ತು. ಶಾಲೆಯ ಟೀಚರು ಸೀಟಿಯನ್ನು ಬಾಯಿಗಿಟ್ಟುಕೊಂಡಳು.

"ತಡೀರಿ!" ತನ್ನದೇ ದನಿ ಬೂದಿಯಕ್ಕನಿಗೆ ಗುರುತು ಸಿಗಲಿಲ್ಲ. "ಬಾವಿ ತುಂಬಿಲ್ಲ. ಮೇಲೆ ದಿಮ್ಮಿ ಹಾಸಿ ಬೂದಿ ಸುರಿದಿದೆ ಅಷ್ಟೇ. ನಾನೇ ಹೊತ್ತಿದ್ದೀನಿ."

ಗುಂಪಿನಲ್ಲಿ ಯಾರೋ, "ಚುಕ್ಕಿ ಅಂಟಿಸಿ ಅಂಟಿಸಿ ಅಕ್ಕನಿಗೆ ತಲೆ ಸುತ್ತಿದೆ," ಅಂದರು. ನಗು ಎದ್ದಿತು.

ಮೇಡಂ ನಗಲಿಲ್ಲ. "ಮೇಸ್ತ್ರಿಗಳೇ, ಏನಿದು? ಆಗ ಗ್ಯಾಂಗಿನ ಮೇಸ್ತ್ರಿ ನೀವೇ ಅಲ್ವಾ?"

"ನಾನೇ." ಭಾವ ಗಂಟಲು ಸರಿಮಾಡಿಕೊಂಡ. "ನಾನೇ ನಿಂತು ತುಂಬಿಸಿದ್ದೀನಿ. ಅವಳಿಗೆ ಮೊನ್ನೆಯಿಂದ ಮೈ ಹುಷಾರಿಲ್ಲ. ಊಟ ಬಿಟ್ಟಿದ್ದಾಳೆ. ಕೇಳಿ ಬೇಕಾದ್ರೆ ಮನೇಲಿ."

ವಾರಗಿತ್ತಿ ಗುಂಪಿನಿಂದಲೇ, "ಹೌದೌದು, ಎರಡು ದಿನದಿಂದ ತಟ್ಟೆ ಮುಟ್ಟಿಲ್ಲ," ಎಂದಳು, ಪಾಪ, ಏನೂ ತಿಳಿಯದೆ.

ಮಕ್ಕಳು ಗೊಣಗತೊಡಗಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಆಗಲೇ ಪಟ್ಟಿಯಡಿ ಕಾಲು ಚಾಚಿ ಬೆರಳಲ್ಲಿ ಬೂದಿ ಕೆದಕುತ್ತಿದ್ದಳು. ಬೂದಿಯಕ್ಕ ಆ ಕಾಲನ್ನೇ ನೋಡಿದಳು. ಮಾತಿನ ಕೆಲಸ ಮುಗಿದಿತ್ತು. ರಿಜಿಸ್ಟರಿನ ಮಾತು ಅವಳ ಮಾತಿಗಿಂತ ಗಟ್ಟಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಗ್ಗಿ, ಪಟ್ಟಿಯಡಿ ನುಸುಳಿ ಒಳಗೆ ಹೋದಳು. ಒಂದು ಹೆಜ್ಜೆ. ಎರಡು. ಬಿಸಿ ಹೆಂಚಿನ ಮೇಲೆ ನಡೆಯುವವಳ ಹಾಗೆ ಬರೇ ಬೆರಳ ತುದಿಯಲ್ಲಿ ನಡೆದು ನಡುವೆ ನಿಂತಳು. ಅಡಿಯಲ್ಲಿ ನೆಲ ಉಸಿರು ಬಿಟ್ಟ ಹಾಗೆ ಒಂದಿಷ್ಟು ಕುಸಿಯಿತು.

"ಬನ್ನಿ ಭಾವ," ಅಂದಳು. "ನೀವೇ ನಿಂತು ತುಂಬಿಸಿದ್ದಲ್ವಾ? ಬಂದು ನನ್ನ ಪಕ್ಕ ನಿಂತ್ಕೊಳ್ಳಿ. ನೀವು ನಿಂತ ಮೇಲೆ ಮಕ್ಕಳು ಬರ್ಲಿ. ನಾನು ಹುಚ್ಚಿ ಅಂತ ಒಪ್ಕೊಂಡು ಹೊರಟುಹೋಗ್ತೀನಿ."

"ಬಾರೇ ಈಚೆ!" ಅಂದ ಭಾವ.

"ನೀವು ಬನ್ನಿ ಆಚೆಯಿಂದ."

ಎಲ್ಲರ ಕಣ್ಣೂ ಮೇಸ್ತ್ರಿಯ ಕಾಲಿಗೆ ಬಿತ್ತು. ಅವನು ಬಲಗಾಲೆತ್ತಿದ. ಪಟ್ಟಿಯಡಿಯಿಂದ ಒಳಗೆ ಚಾಚಿದ. ಕಾಲು ಗಾಳಿಯಲ್ಲಿ ನಿಂತಿತು. ಹೊಸದಾಗಿ ಮೊಳೆ ಹೊಡೆದ ಚಪ್ಪಲಿ ನೆಲದಿಂದ ಗೇಣು ಮೇಲೆ ಅತ್ತಿತ್ತ ತೂಗಾಡಿ, ಮೆಲ್ಲಗೆ ಹಿಂದಕ್ಕೆ ಹೋಯಿತು. ನಕ್ಕವರ ನಗು ಬಾಯಲ್ಲೇ ಒಣಗಿತು.

ಆ ನಿಶ್ಶಬ್ದದಲ್ಲಿ ಬೂದಿಯಕ್ಕನಿಗೆ ಅದು ಕೇಳಿಸಿತು: ಕಾಲಡಿ, ಮೊರದಿಂದ ಕಾಳು ಜಾರುವ ಹಾಗೆ, ಸರಸರ ಸರಸರ. ಬೂದಿ ಸಂದಿಯಲ್ಲಿ ಇಳಿಯುತ್ತಿತ್ತು. ಎಡಗಾಲು ಹರಡಿನವರೆಗೆ ಮುಳುಗಿತು. ಮೇಡಂ ಅವಳ ಕಡೆ ಧಾವಿಸಿದಳು.

"ಹೋಗಬೇಡ!" ಭಾವನ ದನಿ. ಹಳೇ ದನಿ, ಹಳಿಯ ಮೇಲೆ ಮೂವತ್ತು ಜನರ ಗ್ಯಾಂಗನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ದನಿ. "ಯಾರೂ ಕಾಲಿಡಬೇಡಿ! ಮಕ್ಕಳನ್ನ ಹಿಂದೆ ಕರ್ಕೊಳ್ಳಿ! ಏ ತಂಗಿ, ಕದಲಬೇಡ. ನನ್ನ ಕಡೆ ಬರಬೇಡ. ದಿಮ್ಮಿ ಹಾಸಿದ್ದು ಹಳಿ ಕಡೆಯಿಂದ ಊರ ಕಡೆಗೆ. ಈ ಕಡೆಗೆ ಅಡ್ಡ ಬಂದೆ ಅಂದ್ರೆ ಸಂದೀಲಿ ಹೋಗ್ತೀಯ. ಹಳಿ ಕಡೆ ತಿರುಗು. ಹಾಂ. ಒಂದೇ ದಿಮ್ಮಿ ಉದ್ದಕ್ಕೆ ಬಾ. ಕಾಲು ಎತ್ತಬೇಡ, ಜಾರಿಸು."

ಕತ್ತರಿ ಎಸೆದು ಅವನು ಚೌಕವನ್ನು ಸುತ್ತಿ ಹಳಿಯ ಕಡೆಗೆ ಓಡಿದ್ದ. ಎಪ್ಪತ್ತನಾಲ್ಕರ ಮುದುಕ ಬಿಳಿ ಅಂಗಿಯಲ್ಲೇ ಪಟ್ಟಿಯಡಿ ನುಸುಳಿ, ಬಾವಿಯ ಅಂಚಿಗೆ ಬೋರಲು ಮಲಗಿ, ಊರುಗೋಲನ್ನು ಮುಂದೆ ಚಾಚಿದ. "ಇಷ್ಟೇ. ಮೂರು ಹೆಜ್ಜೆ. ನನ್ನ ನೋಡು, ಕೆಳಗೆ ನೋಡಬೇಡ. ಕಟ್ಟೆಕಲ್ಲು ಇಲ್ಲೇ ಇದೆ, ನನ್ನ ಎದೆ ಕೆಳಗೇ ಇದೆ. ಬಾ ನನ್ನವ್ವ, ಬಾ."

ಬೂದಿಯಕ್ಕ ಕಾಲು ಜಾರಿಸಿದಳು. ಮತ್ತೆ ಜಾರಿಸಿದಳು. ಕೋಲಿನ ತುದಿ ಬೆರಳಿಗೆ ಸಿಕ್ಕಿತು, ಆಮೇಲೆ ಮುಷ್ಟಿಗೆ. ಭಾವ ಎಳೆದ ಎಳೆತಕ್ಕೆ ಮುಗ್ಗರಿಸಿ ಅವನ ಹೆಗಲ ಮೇಲೆಯೇ ಬಿದ್ದಳು. ಬೆನ್ನ ಹಿಂದೆ ಲಟಕ್ಕೆಂದು ಏನೋ ಮುರಿಯಿತು. ಬೂದಿ ಹೊಗೆಯಂತೆ ಎದ್ದು ಇಳಿದಾಗ ಅವಳು ನಿಂತಿದ್ದ ಕಡೆ ಬಕೆಟ್ಟಿನಗಲದ ಕಪ್ಪು ತೂತು ಕಂಡಿತು. ತುಸು ಹೊತ್ತಾದ ಮೇಲೆ ಕೆಳಗೆಲ್ಲೋ ನೀರು ಸದ್ದು ಮಾಡಿತು.

ಆಮೇಲೆ ಮಕ್ಕಳನ್ನು ಶಾಲೆಗೆ ವಾಪಸು ಕರೆದೊಯ್ದರು. ಗೂಟಗಳನ್ನು ಹತ್ತು ಮಾರು ದೂರ ಸರಿಸಿದರು. ಸಂಜೆಯೊಳಗೆ ಉದ್ದನೆಯ ಕೊಕ್ಕೆಗಳಿಂದ ಬೂದಿ ಎಳೆದು ನೋಡಿದವರು, ಹನ್ನೊಂದು ದಿಮ್ಮಿಗಳಲ್ಲಿ ನಾಲ್ಕು ಮಾತ್ರ ದಿಮ್ಮಿಗಳಾಗಿ ಉಳಿದಿವೆ ಅಂದರು. ಬೂದಿಯಕ್ಕ ನೋಡಲು ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಭಾವ, ಅಂಗಿಯೆಲ್ಲ ಮಸಿ. ವಾರಗಿತ್ತಿ ಇಬ್ಬರ ನಡುವೆ ನೀರಿನ ಚೊಂಬಿಟ್ಟು, ಯಾರನ್ನು ಬೈಯಬೇಕೆಂದು ತಿಳಿಯದೆ ಇಬ್ಬರನ್ನೂ ಬೈದು ಹೋಗಿದ್ದಳು.

"ಹೆದರಿಕೆ ಆಗ್ಲಿಲ್ವೇನೇ ನಿನಗೆ?" ಅಂದ ಭಾವ.

"ಈಗಲೂ ಆಗ್ತಿದೆ ಭಾವ."

ನಕ್ಷೆ ಮೇಡಂ ಬಂದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣು ಕೆಂಪಾಗಿತ್ತು. "ಸ್ಟೇಷನ್ ಮಾಸ್ಟರ್ ಕರೀತಿದ್ದಾರೆ. ಮೇಲಿನವರಿಗೆ ಹೇಳಿಕೆ ಬರೆದು ಕಳಿಸಬೇಕಂತೆ. ಇಬ್ಬರೂ ಬರಬೇಕಂತೆ."

ಬೂದಿಯಕ್ಕ ಬೆಂಚಿನ ಅಂಚು ಹಿಡಿದು ಏಳಲು ನೋಡಿದಳು. ಭಾವ ಅವಳ ಹೆಗಲಮೇಲೆ ಕೈಯಿಟ್ಟು ಕೂರಿಸಿದ.

"ಅವಳ್ಯಾಕೆ? ಹೊರು ಅಂದ್ರೆ ಹೊತ್ತಳು, ಒತ್ತು ಅಂದ್ರೆ ಒತ್ತಿದಳು. ಮಾಡಿಸಿದವನು ನಾನು, ಬರೆದವನೂ ನಾನು. ನಡಿಯಮ್ಮ, ನಾನು ಬರ್ತೀನಿ."

ಎರಡು ಹೆಜ್ಜೆ ಹೋದವನು ನಿಂತ. ಸ್ಟೇಷನ್ ಮಾಸ್ಟರರ ಬಾಗಿಲು ಇಪ್ಪತ್ತು ಹೆಜ್ಜೆಯ ಆಚೆಗಿತ್ತು. ಅಲ್ಲಿಗೆ ಹೋಗಲು ಅವನ ಕಾಲು ಮತ್ತೆ ಒಪ್ಪುತ್ತಿಲ್ಲವೆಂದು ಬೂದಿಯಕ್ಕನಿಗೆ ಕಂಡಿತು. ಅವಳು ಎದ್ದು, ಗಟ್ಟಿ ಕಲ್ಲಿನ ನೆಲವನ್ನೂ ನಂಬದೆ ಪಾದ ಜಾರಿಸಿಕೊಂಡೇ ನಡೆದು, ಅವನ ಪಕ್ಕಕ್ಕೆ ಬಂದಳು.

"ನೇರ ನಡೀರಿ ಭಾವ," ಅಂದಳು. "ನಾನಿದ್ದೀನಿ."